ಇಬ್ನ್ ಖಲ್ದೂನರ ಎರಡನೆಯ ಪ್ರಶ್ನೆ

ಒಂದು ಸುದ್ದಿ ಕಿವಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಇದನ್ನು ಹೇಳಿದವರು ಯಾರು? ಹೇಳಿದ ಸಂಗತಿ ನಡೆಯುವಂಥದ್ದೇ? ಮೊದಲನೆಯ ಪ್ರಶ್ನೆಯನ್ನು ಕೇಳಲು ನಮಗೆ ಕಲಿಸಿದವರು ಹದೀಸ್ ವಿದ್ವಾಂಸರು. ಎರಡನೆಯದನ್ನು ಒಂದು ಶಾಸ್ತ್ರವಾಗಿಯೇ ಕಟ್ಟಿಕೊಟ್ಟವರು ಇಬ್ನ್ ಖಲ್ದೂನ್(ರ). ಇಂದು ನಮ್ಮೆಲ್ಲರ ಕೈಯಲ್ಲಿ ಮೊಬೈಲ್ ಇದೆ. ದಿನಕ್ಕೆ ನೂರು ಸುದ್ದಿ ಬರುತ್ತವೆ. ಆದರೆ ಈ ಎರಡೂ ಪ್ರಶ್ನೆಗಳು ನಮ್ಮ ನಾಲಗೆಯಿಂದ ಮರೆಯಾಗುತ್ತಿವೆ. ಜುಮಾ ಖುತುಬಾದಲ್ಲಿ ಈ ವಿಷಯವನ್ನು ವಿವರಿಸಲು ಸಮಯ ಸಾಲುವುದಿಲ್ಲ. ಆದ್ದರಿಂದ ಅದರ ಇತಿಹಾಸವನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯ ಪ್ರಶ್ನೆ: ಹೇಳಿದವರು ಯಾರು?

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೆಯ ಸೂಕ್ತವು ನಮಗೆಲ್ಲ ಪರಿಚಿತ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಮೊದಲು ವಿಚಾರಿಸಿ ನೋಡಬೇಕು, ಇಲ್ಲದಿದ್ದರೆ ತಿಳಿಯದೆ ಒಂದು ಜನರಿಗೆ ಹಾನಿ ಮಾಡಿ ಆಮೇಲೆ ಪರಿತಪಿಸಬೇಕಾದೀತು ಎಂಬುದು ಅದರ ಆದೇಶ. ಇದರ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಒಂದು ಘಟನೆಯನ್ನು ದಾಖಲಿಸಿದ್ದಾರೆ. ಪ್ರವಾದಿಯವರು(ಸ) ಬನೂ ಮುಸ್ತಲಿಕ್ ಗೋತ್ರದವರಿಂದ ಝಕಾತ್ ಸಂಗ್ರಹಿಸಲು ಒಬ್ಬರನ್ನು ಕಳಿಸಿದ್ದರು. ಅವರು ಬರುತ್ತಿರುವ ಸುದ್ದಿ ಕೇಳಿ ಆ ಜನ ಗುಂಪಾಗಿ ಎದುರುಗೊಳ್ಳಲು ಹೊರಟರು. ದೂರದಿಂದ ಗುಂಪನ್ನು ಕಂಡು ಹೆದರಿದ ಇವರು ಅರ್ಧ ದಾರಿಯಿಂದಲೇ ಮರಳಿ ಬಂದು, ಅವರು ಝಕಾತ್ ನಿರಾಕರಿಸಿದ್ದಾರೆ, ನನ್ನನ್ನು ಕೊಲ್ಲಲು ಬಂದರು ಎಂದು ಹೇಳಿದರು. ವಿಚಾರಿಸದೆ ಇದ್ದಿದ್ದರೆ ಒಂದು ಯುದ್ಧವೇ ನಡೆದುಹೋಗುತ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಗುಂಪು ಬಂದದ್ದು ಸುಳ್ಳಲ್ಲ. ಅದನ್ನು ಕಣ್ಣಾರೆ ಕಂಡಿದ್ದರು. ಆದರೆ ಆ ಗುಂಪು ಯಾಕೆ ಬಂತು ಎಂಬುದನ್ನು ಕಂಡಿರಲಿಲ್ಲ. ಸ್ವಾಗತವು ಆಕ್ರಮಣವಾಗಿ ಕಂಡಿತು. ಕಣ್ಣು ಕಂಡದ್ದು ನಿಜ, ಮನಸ್ಸು ಕೊಟ್ಟ ಅರ್ಥ ತಪ್ಪು. ಈ ಮಾತನ್ನು ನಾವು ಮುಂದೆ ಮತ್ತೆ ನೆನಪಿಸಿಕೊಳ್ಳಬೇಕಾಗುತ್ತದೆ.

ಕೇಳಿದ್ದನ್ನೆಲ್ಲ ಇನ್ನೊಬ್ಬರಿಗೆ ಹೇಳುತ್ತ ಹೋಗುವುದೇ ಒಬ್ಬ ಮನುಷ್ಯನು ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಪ್ರವಾದಿ ವಚನವನ್ನು ಇಮಾಮ್ ಮುಸ್ಲಿಮ್(ರ) ತಮ್ಮ ಹದೀಸ್ ಸಂಗ್ರಹದ ಮುನ್ನುಡಿಯಲ್ಲೇ ಇಟ್ಟಿದ್ದಾರೆ. ಸಾವಿರಾರು ಹದೀಸ್‌ಗಳನ್ನು ಓದುವ ಮೊದಲೇ ಓದುಗನು ಈ ಎಚ್ಚರಿಕೆಯನ್ನು ದಾಟಿ ಬರಬೇಕು. ಈ ಎಚ್ಚರದಿಂದಲೇ ಸನದಿನ ವಿದ್ಯೆ ಬೆಳೆಯಿತು. ಇದನ್ನು ನಿಮಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ಅವರಿಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗಿದ್ದರೇ, ಅವರ ನೆನಪಿನ ಶಕ್ತಿ ಹೇಗಿತ್ತು, ಮಾತಿನಲ್ಲಿ ಪ್ರಾಮಾಣಿಕರೇ ಎಂದು ಒಂದೊಂದು ಕೊಂಡಿಯನ್ನೂ ತಟ್ಟಿ ನೋಡಿದರು. ಹೀಗೆ ಪರಿಶೀಲಿಸಿದವರ ಬದುಕಿನ ವಿವರಗಳೇ ಸಂಪುಟಗಳಷ್ಟಾದವು.

ಇಮಾಮ್ ಬುಖಾರಿಯವರ(ರ) ಗುರುಗಳಲ್ಲಿ ಒಬ್ಬರಾದ ಅಲೀ ಇಬ್ನುಲ್ ಮದೀನಿ(ರ) ಹಿಜರಿ 234ರಲ್ಲಿ ನಿಧನರಾದರು. ಹದೀಸ್ ವರದಿಗಾರರನ್ನು ತೂಗಿ ನೋಡುವುದರಲ್ಲಿ ಅವರದು ದೊಡ್ಡ ಹೆಸರು. ಅವರ ತಂದೆಯವರೂ ಹದೀಸ್ ವರದಿ ಮಾಡುತ್ತಿದ್ದರು. ತಂದೆಯವರ ಬಗ್ಗೆ ಜನರು ಕೇಳಿದಾಗ, ಬೇರೆ ಯಾರನ್ನಾದರೂ ಕೇಳಿ ಎಂದು ಅವರು ಮೊದಲು ತಪ್ಪಿಸಿಕೊಂಡರು. ಮತ್ತೆ ಒತ್ತಾಯಿಸಿದಾಗ ತಲೆ ತಗ್ಗಿಸಿ ಯೋಚಿಸಿ, ಇದು ಧರ್ಮದ ವಿಷಯ, ನನ್ನ ತಂದೆ ಈ ವಿಷಯದಲ್ಲಿ ದುರ್ಬಲರು ಎಂಬ ಅರ್ಥದ ಉತ್ತರ ಕೊಟ್ಟರು ಎಂದು ವಿದ್ವಾಂಸರು ದಾಖಲಿಸಿದ್ದಾರೆ. ತಂದೆಯ ಮೇಲಿನ ಪ್ರೀತಿ ಅವರಲ್ಲಿ ಕಡಿಮೆಯಾಗಿರಲಿಲ್ಲ. ಆದರೆ ಸುದ್ದಿಯ ಮಟ್ಟಿಗೆ ತಂದೆಗೂ ಒಂದೇ ತಕ್ಕಡಿ, ಪರರಿಗೂ ಒಂದೇ ತಕ್ಕಡಿ. ಇಂದು ನಾವು ಭಾವ ಕಳಿಸಿದ ಸಂದೇಶ, ಗೆಳೆಯ ಕಳಿಸಿದ ಸಂದೇಶ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಮುಂದೆ ಕಳಿಸುತ್ತೇವೆ.

ಕೋಟೆಯಲ್ಲಿ ಕುಳಿತು ಬರೆದ ಗ್ರಂಥ

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಅಬ್ದುರ್ರಹ್ಮಾನ್ ಇಬ್ನ್ ಖಲ್ದೂನ್ ಹುಟ್ಟಿದ್ದು 1332ರಲ್ಲಿ, ಟ್ಯೂನಿಸ್ ನಗರದಲ್ಲಿ. ಅವರ ಪೂರ್ವಜರು ಸ್ಪೇನಿನ ಸೆವಿಲ್ಲೆಯಿಂದ ಬಂದು ನೆಲೆಸಿದವರು. ಹದಿಹರೆಯದಲ್ಲಿ ಅವರ ಮೇಲೆ ದೊಡ್ಡ ಆಘಾತವೊಂದು ಎರಗಿತು. 1348-49ರಲ್ಲಿ ಆ ಪ್ರದೇಶಕ್ಕೆ ಬಂದ ಮಹಾ ಪ್ಲೇಗು ತಂದೆ ತಾಯಿ ಇಬ್ಬರನ್ನೂ, ಗುರುಗಳಲ್ಲಿ ಹಲವರನ್ನೂ ಕರೆದೊಯ್ದಿತು. ಆಮೇಲೆ ಫೆಝ್, ಗ್ರಾನಡಾ, ಬಿಜಾಯಾ ಎಂದು ಒಂದು ದರ್ಬಾರಿನಿಂದ ಇನ್ನೊಂದು ದರ್ಬಾರಿಗೆ ಅವರ ಬದುಕು ಸಾಗಿತು. ಕಾರ್ಯದರ್ಶಿಯಾದರು, ಮಂತ್ರಿಯಾದರು, ರಾಯಭಾರಿಯಾದರು. ಪಿತೂರಿಯ ಆರೋಪದಲ್ಲಿ ಜೈಲಿಗೂ ಹೋಗಿ ಬಂದರು. ಅರಮನೆಯಲ್ಲಿ ಸುದ್ದಿ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಯಾರ ಲಾಭಕ್ಕೆ ತಿರುಗುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿತದ್ದಲ್ಲ. ಅದನ್ನು ಹತ್ತಿರದಿಂದ ನೋಡಿದ್ದರು.

ಕೊನೆಗೆ ರಾಜಕಾರಣ ಸಾಕಾಗಿ, 1375ರಲ್ಲಿ ಇಂದಿನ ಅಲ್ಜೀರಿಯಾದಲ್ಲಿರುವ ಇಬ್ನ್ ಸಲಾಮಾ ಕೋಟೆಗೆ ಕುಟುಂಬದೊಂದಿಗೆ ಹೋಗಿ ಸುಮಾರು ನಾಲ್ಕು ವರ್ಷ ಅಲ್ಲೇ ಉಳಿದರು. ಅಲ್ಲಿ ಹಿಜರಿ 779ರಲ್ಲಿ, ಅಂದರೆ 1377ರಲ್ಲಿ, ಐದು ತಿಂಗಳಲ್ಲಿ ಬರೆದು ಮುಗಿಸಿದ ಗ್ರಂಥವೇ 'ಮುಕದ್ದಿಮಾ'. ಹೆಸರಿನ ಅರ್ಥ ಪೀಠಿಕೆ. ತಮ್ಮ ದೊಡ್ಡ ಇತಿಹಾಸ ಗ್ರಂಥಕ್ಕೆ ಪೀಠಿಕೆಯಾಗಿ ಬರೆದದ್ದು ಮೂಲ ಗ್ರಂಥಕ್ಕಿಂತಲೂ ಪ್ರಸಿದ್ಧವಾಯಿತು. ಮುಂದೆ ಅವರು ಈಜಿಪ್ಟಿಗೆ ಹೋಗಿ ಕೈರೋದಲ್ಲಿ ಮಾಲಿಕಿ ಮದ್‌ಹಬಿನ ಖಾಝಿಯಾಗಿ, 1406ರಲ್ಲಿ ಅಲ್ಲೇ ನಿಧನರಾದರು.

ಇತಿಹಾಸವೆಂದರೆ ಬರೀ ರಾಜರ ಹೆಸರು ಮತ್ತು ಯುದ್ಧಗಳ ಪಟ್ಟಿಯಲ್ಲ, ಅದರ ಒಳಗಿನ ಕಾರಣಗಳನ್ನು ತಿಳಿಯುವುದು ತತ್ವಶಾಸ್ತ್ರದ ಒಂದು ಭಾಗವೇ ಎಂದು ಅವರು ವಾದಿಸಿದರು. ಮನುಷ್ಯರು ಗುಂಪಾಗಿ ಬದುಕುವ ರೀತಿಗೆ ಕೆಲವು ನಿಯಮಗಳಿವೆ. ಊರು ಹೇಗೆ ಬೆಳೆಯುತ್ತದೆ, ಸೇನೆಗೆ ಅನ್ನ ಎಲ್ಲಿಂದ ಬರುತ್ತದೆ, ತೆರಿಗೆ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆಲ್ಲ ಒಂದು ಕ್ರಮವಿದೆ. ಇದನ್ನು ಅವರು 'ಉಮ್ರಾನ್' ಎಂದು ಕರೆದರು. ಸಮಾಜ ಜೀವನ ಎಂದು ನಾವು ಹೇಳಬಹುದು. ಒಂದು ಸುದ್ದಿ ಬಂದಾಗ ಅದನ್ನು ಈ ಕ್ರಮದ ಎದುರು ಹಿಡಿದು ನೋಡಬೇಕು. ಸಂಗತಿಯೇ ಅಸಾಧ್ಯವಾಗಿದ್ದರೆ, ಹೇಳಿದವರು ಎಷ್ಟೇ ಒಳ್ಳೆಯವರಾಗಿದ್ದರೂ ಪ್ರಯೋಜನವಿಲ್ಲ ಎಂಬುದು ಅವರ ನಿಲುವು.

ಇಲ್ಲಿ ಅವರು ಒಂದು ಸೂಕ್ಷ್ಮ ವ್ಯತ್ಯಾಸವನ್ನೂ ಮಾಡುತ್ತಾರೆ. ಶರೀಅತಿನ ವಿಧಿ ನಿಷೇಧಗಳು ಆದೇಶಗಳು. ಆದೇಶ ನಮಗೆ ಸರಿಯಾಗಿ ತಲುಪಿದೆಯೇ ಎಂದು ತಿಳಿಯಲು ವರದಿಗಾರರ ಪ್ರಾಮಾಣಿಕತೆಯನ್ನು ಪರಿಶೀಲಿಸುವುದೇ ದಾರಿ. ಆದರೆ ಘಟನೆಗಳ ಸುದ್ದಿ ಹಾಗಲ್ಲ. ಅಲ್ಲಿ ಹೇಳಿದವರನ್ನು ತೂಗುವ ಮೊದಲೇ ಘಟನೆಯು ನಡೆಯಲು ಸಾಧ್ಯವೇ ಎಂದು ನೋಡಬೇಕು. ಹೀಗೆ ಅವರು ಹದೀಸ್ ವಿದ್ವಾಂಸರ ಮಾರ್ಗವನ್ನು ತಳ್ಳಿಹಾಕಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ತಕ್ಕಡಿಯನ್ನು ತಂದಿಟ್ಟರು.

ಆರು ಲಕ್ಷದ ಸೇನೆ

ಉದಾಹರಣೆ ನೋಡಿ. ಹ. ಮೂಸಾ(ಅ) ಮರುಭೂಮಿಯಲ್ಲಿ ಬನೀ ಇಸ್ರಾಈಲರ ಸೇನೆಯನ್ನು ಎಣಿಸಿದಾಗ, ಆಯುಧ ಹಿಡಿಯಬಲ್ಲ 20 ವರ್ಷ ಮೇಲ್ಪಟ್ಟ ಗಂಡಸರೇ 6 ಲಕ್ಷಕ್ಕೂ ಹೆಚ್ಚಿದ್ದರು ಎಂದು ಮಸ್ಊದಿ ಮತ್ತು ಇತರ ಇತಿಹಾಸಕಾರರು ಬರೆದಿದ್ದರು. ಮಸ್ಊದಿ ಸಣ್ಣ ಹೆಸರಲ್ಲ. ಆದರೂ ಇಬ್ನ್ ಖಲ್ದೂನರು ಕೇಳುತ್ತಾರೆ: ಅಷ್ಟು ದೊಡ್ಡ ಸೇನೆ ಒಂದೇ ಬಯಲಿನಲ್ಲಿ ಸಾಲಾಗಿ ನಿಂತರೆ ಕಣ್ಣು ಹಾಯುವ ದೂರವನ್ನೂ ಮೀರಿ ಎರಡು ಮೂರು ಪಟ್ಟು ಚಾಚಿಕೊಳ್ಳುತ್ತದೆ. ಒಂದು ತುದಿಯಲ್ಲಿ ನಡೆಯುವುದು ಇನ್ನೊಂದು ತುದಿಗೆ ತಿಳಿಯದಿದ್ದರೆ ಯುದ್ಧ ಮಾಡುವುದು ಹೇಗೆ? ಪರ್ಷಿಯಾದ ಸಾಮ್ರಾಜ್ಯ ಇವರಿಗಿಂತ ಎಷ್ಟೋ ದೊಡ್ಡದು. ಅಂಥ ಪರ್ಷಿಯನ್ನರು ಖಾದಿಸಿಯ್ಯಾ ಯುದ್ಧಕ್ಕೆ ತಂದ ಸೈನಿಕರು 1,20,000 ಎಂದು ವರದಿ ಇದೆ. ಇದಲ್ಲದೆ ಹ. ಯಾಕೂಬರಿಂದ(ಅ) ಹ. ಮೂಸಾರವರೆಗೆ(ಅ) ಇದ್ದದ್ದು ನಾಲ್ಕು ತಲೆಮಾರು. ಈಜಿಪ್ಟಿಗೆ ಬಂದ ಎಪ್ಪತ್ತು ಜನರ ಕುಟುಂಬ ನಾಲ್ಕು ತಲೆಮಾರಿನಲ್ಲಿ ಅಷ್ಟು ಬೆಳೆಯುವುದುಂಟೇ?

ಇನ್ನೊಂದು ಕಥೆ ಅಲೆಗ್ಸಾಂಡರನದು. ಅಲೆಗ್ಸಾಂಡ್ರಿಯಾ ನಗರವನ್ನು ಕಟ್ಟಲು ಸಮುದ್ರದ ಭೂತಗಳು ಬಿಡಲಿಲ್ಲವಂತೆ. ಆಗ ಅವನು ಗಾಜಿನ ಪೆಟ್ಟಿಗೆಯಲ್ಲಿ ಕುಳಿತು ಸಮುದ್ರದ ತಳಕ್ಕೆ ಇಳಿದು, ಅವುಗಳ ಚಿತ್ರ ಬರೆದುಕೊಂಡು ಬಂದು, ಲೋಹದ ಪ್ರತಿಮೆಗಳನ್ನು ಮಾಡಿಸಿ ನಿಲ್ಲಿಸಿದನಂತೆ. ಇದಕ್ಕೆ ಇಬ್ನ್ ಖಲ್ದೂನರ ಉತ್ತರ ಸರಳ. ಯಾವ ಅರಸನೂ ಇಂಥ ಅಪಾಯಕ್ಕೆ ತಾನೇ ಇಳಿಯುವುದಿಲ್ಲ. ಇಳಿದರೂ ಮುಚ್ಚಿದ ಪೆಟ್ಟಿಗೆಯಲ್ಲಿ ಉಸಿರಾಡಲು ತಂಪು ಗಾಳಿ ಸಿಗದೆ ಸಾಯುತ್ತಾನೆ. ಆಳವಾದ ಬಾವಿಗೆ ಇಳಿದವರು ಸಾಯುವುದನ್ನು ನಾವು ನೋಡುವುದಿಲ್ಲವೇ ಎಂದು ಅವರು ಕೇಳುತ್ತಾರೆ. ದೊಡ್ಡ ಕಥೆಯೊಂದು ಬಾವಿಗೆ ಇಳಿಯುವ ಕೂಲಿಯವನ ಅನುಭವದ ಮುಂದೆ ಬಿದ್ದುಹೋಯಿತು. ಇದಕ್ಕೆ ಪದವಿ ಬೇಕಿಲ್ಲ. ಒಂದು ಕ್ಷಣ ನಿಂತು ಯೋಚಿಸುವ ವ್ಯವಧಾನ ಬೇಕು.

ಸುಳ್ಳು ನುಸುಳುವ ಏಳು ಬಾಗಿಲುಗಳು

ಸುದ್ದಿಯೊಳಗೆ ಸುಳ್ಳು ಹೇಗೆ ಸೇರಿಕೊಳ್ಳುತ್ತದೆ ಎಂಬುದಕ್ಕೆ ಅವರು ಏಳು ಕಾರಣಗಳನ್ನು ಕೊಟ್ಟಿದ್ದಾರೆ. ಅವನ್ನು ನಮ್ಮ ಮಾತಿನಲ್ಲಿ ಸಂಗ್ರಹಿಸುತ್ತೇವೆ. ಒಂದು, ಪಕ್ಷಪಾತ, ನಮ್ಮ ಗುಂಪಿಗೆ ಹಿತವಾಗುವ ಸುದ್ದಿಯನ್ನು ಮನಸ್ಸು ಪರೀಕ್ಷಿಸದೆ ಒಪ್ಪಿಕೊಳ್ಳುತ್ತದೆ. ಎರಡು, ಹೇಳಿದವರ ಮೇಲಿನ ಅತಿಯಾದ ವಿಶ್ವಾಸ. ಮೂರು, ಕಂಡ ಅಥವಾ ಕೇಳಿದ ಸಂಗತಿಯ ಉದ್ದೇಶವನ್ನು ತಿಳಿಯದೆ ತನ್ನ ಊಹೆಯಂತೆ ಹೇಳುವುದು. ನಾಲ್ಕು, ಇದು ನಿಜವೇ ಇರಬೇಕು ಎಂಬ ಭ್ರಮೆ. ಐದು, ಬೇಕೆಂದೇ ಮಾಡಿದ ತೋರಿಕೆಯನ್ನು ವಾಸ್ತವವೆಂದು ನಂಬುವುದು. ಆರು, ಅಧಿಕಾರದಲ್ಲಿರುವವರನ್ನು ಮೆಚ್ಚಿಸಲು ಹೊಗಳಿ ಸುದ್ದಿ ಹಬ್ಬಿಸುವುದು. ಏಳು, ಎಲ್ಲಕ್ಕಿಂತ ಮುಖ್ಯವಾದದ್ದು, ಸಮಾಜ ಜೀವನದ ಕ್ರಮವನ್ನು ಅರಿಯದಿರುವುದು.

ಈ ಪಟ್ಟಿಗೆ ಆರೂವರೆ ಶತಮಾನಗಳಾಗುತ್ತ ಬಂದವು. ಆದರೆ ಓದಿದಾಗ ನಮ್ಮ ಮೊಹಲ್ಲಾದ ವಾಟ್ಸಾಪ್ ಗ್ರೂಪನ್ನು ನೋಡಿಕೊಂಡೇ ಬರೆದಂತಿದೆ.

ನಮ್ಮ ನಾಡಿನಲ್ಲಿ ನಡೆದದ್ದು

2012ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಅದು ರಮಝಾನ್ ತಿಂಗಳು. ಅಸ್ಸಾಮಿನಲ್ಲಿ ನಡೆದಿದ್ದ ಹಿಂಸಾಚಾರದ ಬೆನ್ನಿಗೆ, ಈದ್ ಆದ ಮೇಲೆ ಈಶಾನ್ಯ ರಾಜ್ಯಗಳ ಜನರ ಮೇಲೆ ಮುಸ್ಲಿಮರು ದಾಳಿ ಮಾಡಲಿದ್ದಾರೆ ಎಂಬ ಸುದ್ದಿ ಎಸ್ಸೆಮ್ಮೆಸ್ಸುಗಳಲ್ಲಿ ಹರಡಿತು. ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಾವಿರಾರು ಯುವಕ ಯುವತಿಯರು ಗಂಟುಮೂಟೆ ಕಟ್ಟಿಕೊಂಡು ನಿಂತರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಬ್ಬರು ಒಮ್ಮೆಗೆ ಕಳಿಸಬಹುದಾದ ಎಸ್ಸೆಮ್ಮೆಸ್ಸುಗಳನ್ನು ಕೇಂದ್ರ ಸರಕಾರ ಹದಿನೈದು ದಿನಗಳ ಮಟ್ಟಿಗೆ ಐದಕ್ಕೆ ಇಳಿಸಿತು. ನಾವು ಉಪವಾಸವಿದ್ದು ತರಾವೀಹ್ ನಮಾಝಿನಲ್ಲಿ ನಿಂತಿದ್ದಾಗ, ನಮ್ಮ ಹಬ್ಬದ ದಿನವನ್ನೇ ಭಯದ ದಿನವಾಗಿ ಯಾರೋ ಬರೆದಿದ್ದರು.

2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಕೆಲವು ಯುವಕರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಆಗ ಎಲ್ಲೆಡೆ ಹಬ್ಬಿತ್ತು. ಅವರ ಕಾರು ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮವನ್ನು ತಲುಪುವ ಮೊದಲೇ ವಾಟ್ಸಾಪ್ ಸಂದೇಶ ಅಲ್ಲಿಗೆ ತಲುಪಿತ್ತು. ಜನರು ದಾರಿ ಅಡ್ಡಗಟ್ಟಿದರು. ಗುಂಪಿನ ಹೊಡೆತಕ್ಕೆ ಒಬ್ಬ ಯುವಕ ಸತ್ತನು, ಉಳಿದವರು ಗಾಯಗೊಂಡರು. ಚಾಕೊಲೇಟ್ ಕೊಟ್ಟದ್ದು ನಿಜ. ಅದನ್ನು ಕಂಡವರೂ ಇದ್ದರು. ಬನೂ ಮುಸ್ತಲಿಕ್ ಜನರ ಸ್ವಾಗತವು ಆಕ್ರಮಣವಾಗಿ ಕಂಡಂತೆ, ಇಲ್ಲಿ ಪ್ರೀತಿಯು ಅಪಹರಣವಾಗಿ ಕಂಡಿತು. ಅಲ್ಲಿ ವಿಚಾರಿಸಲಾಯಿತು, ರಕ್ತ ಹರಿಯಲಿಲ್ಲ. ಇಲ್ಲಿ ವಿಚಾರಿಸಲಿಲ್ಲ. ಇಬ್ನ್ ಖಲ್ದೂನರ ಮೂರನೆಯ ಕಾರಣ ಇದೇ: ಕಣ್ಣಿಗೆ ಕಂಡದ್ದರ ಉದ್ದೇಶವನ್ನು ಅರಿಯದಿರುವುದು. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿಯನ್ನು ಪ್ರಕಟಿಸಿತು.

ಈ ಎರಡೂ ಘಟನೆಗಳನ್ನು ಕೇಳಿದಾಗ ಸುಳ್ಳು ಸುದ್ದಿಯಿಂದ ನೋವುಂಡವರು ನಾವು ಎಂದು ಹೇಳುವುದು ಸುಲಭ. ಅದು ಸತ್ಯವೂ ಹೌದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಇಬ್ನ್ ಖಲ್ದೂನರ ಮೊದಲನೆಯ ಕಾರಣಕ್ಕೆ, ಅಂದರೆ ಪಕ್ಷಪಾತಕ್ಕೆ, ನಾವೇ ಬಲಿಯಾದಂತೆ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನವು ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಮೊದಲು ಆರಂಭವಾಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಅದನ್ನು ಕೊಡಬೇಕಾಗಿತ್ತು. ಇದು ಮಕ್ಕಳಿಗೆ ಮುಂದೆ ಸಂತಾನವಾಗದಂತೆ ಮಾಡುವ ಮದ್ದು ಎಂಬ ಮಾತು ಮೊಬೈಲುಗಳಲ್ಲಿ ಓಡಾಡಿತು. ಮುಸ್ಲಿಮರ ಸಂಖ್ಯೆ ಕಡಿಮೆ ಮಾಡುವ ಹುನ್ನಾರ ಎಂದೂ ಕೆಲವರು ನಂಬಿದರು.

ಎರಡನೆಯ ಪ್ರಶ್ನೆಯನ್ನು ಇಲ್ಲಿ ಕೇಳಿ ನೋಡೋಣ. ಒಂದೇ ಶಾಲೆಯಲ್ಲಿ, ಒಂದೇ ಸಾಲಿನಲ್ಲಿ ಎಲ್ಲ ಧರ್ಮದ ಮಕ್ಕಳು ನಿಂತಿದ್ದಾರೆ. ಒಂದೇ ಸೀಸೆಯಿಂದ ತೆಗೆದ ಮದ್ದು ಎಲ್ಲರ ತೋಳಿಗೂ ಹೋಗುತ್ತದೆ. ಸೂಜಿ ಹಾಕುವ ನರ್ಸಿನ ಮಕ್ಕಳೂ ಅದನ್ನೇ ಪಡೆಯುತ್ತಾರೆ. ಆ ಮದ್ದಿಗೆ ಮಗುವಿನ ಹೆಸರು ತಿಳಿಯುವುದು ಹೇಗೆ? ಈ ಒಂದು ಪ್ರಶ್ನೆ ಸಾಕಿತ್ತು. ಅದನ್ನು ಕೇಳದೆ ಲಸಿಕೆ ತಪ್ಪಿಸಿದರೆ ಹಾನಿ ಯಾರಿಗೆ? ದಡಾರ ಮಕ್ಕಳ ಜೀವ ತೆಗೆಯಬಲ್ಲ ಕಾಯಿಲೆ. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಕುಂದು ಬರಬಹುದು. ಸುಳ್ಳು ಸುದ್ದಿಯನ್ನು ನಂಬಿದ ಮನೆಯ ಮಗುವೇ ಅದರ ಬೆಲೆ ತೆರಬೇಕು.

ಇನ್ನೊಂದು ತಕ್ಕಡಿ: ನಮ್ಮದೇ ಮನಸ್ಸು

ವ್ಯಕ್ತಿಗಳ ಮಾನಕ್ಕೆ ಸಂಬಂಧಿಸಿದ ಸುದ್ದಿಯಾದರೆ ಕುರ್‌ಆನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹ. ಆಯಿಶಾ(ರ) ಅವರ ಮೇಲೆ ಕಪಟಿಗಳು ಅಪವಾದ ಹೊರಿಸಿದಾಗ ಮದೀನಾದಲ್ಲಿ ಸುಮಾರು ಒಂದು ತಿಂಗಳು ಅದೇ ಮಾತು. ಆಗ ಹ. ಅಬೂ ಅಯ್ಯೂಬ್ ಅನ್ಸಾರಿಯವರು(ರ) ತಮ್ಮ ಪತ್ನಿಯೊಡನೆ, ನೀನಾಗಿದ್ದರೆ ಇಂಥ ಕೆಲಸ ಮಾಡುತ್ತಿದ್ದೆಯಾ ಎಂದು ಕೇಳಿದರು. ಇಲ್ಲ ಎಂದರು ಅವರು. ಹಾಗಾದರೆ ಆಯಿಶಾ ನಿನಗಿಂತ ಶ್ರೇಷ್ಠರಲ್ಲವೇ ಎಂದು ಅಬೂ ಅಯ್ಯೂಬ್(ರ) ಮಾತು ಮುಗಿಸಿದರು. ಸತ್ಯವಿಶ್ವಾಸಿಗಳು ಇಂಥ ಮಾತು ಕೇಳಿದಾಗ ತಮ್ಮವರ ಬಗ್ಗೆ ಒಳ್ಳೆಯದನ್ನೇ ಏಕೆ ಭಾವಿಸಲಿಲ್ಲ ಎಂದು ಅನ್ನೂರ್ ಅಧ್ಯಾಯವು ಪ್ರಶ್ನಿಸುತ್ತದೆ. ನಾಲಗೆಯಿಂದ ನಾಲಗೆಗೆ ದಾಟಿಸುವಾಗ ನಿಮಗದು ಹಗುರವೆನಿಸಿತು, ಅಲ್ಲಾಹನ ಬಳಿ ಅದು ಬಹಳ ಭಾರವಾದದ್ದು ಎಂದೂ ಎಚ್ಚರಿಸುತ್ತದೆ. ಇಂದು ನಾಲಗೆಯ ಕೆಲಸವನ್ನು ಹೆಬ್ಬೆರಳು ಮಾಡುತ್ತಿದೆ. ನಮ್ಮ ಊರಿನ ಒಬ್ಬ ಹೆಣ್ಣುಮಗಳ ಫೋಟೋ, ಒಂದು ಮನೆಯ ಜಗಳ, ಮುರಿದ ಒಂದು ನಿಶ್ಚಿತಾರ್ಥ ಗ್ರೂಪಿಗೆ ಬಂದಾಗ ಅಬೂ ಅಯ್ಯೂಬರ(ರ) ಆ ಮಾತನ್ನು ನೆನೆಯುವವರು ಎಷ್ಟು ಜನ?

ಇಬ್ನ್ ಖಲ್ದೂನರನ್ನು ಹೊಗಳುವಾಗಲೂ ನಾವು ಅವರದೇ ತಕ್ಕಡಿಯನ್ನು ಕೈಬಿಡಬಾರದು. ಬಿಸಿ ಪ್ರದೇಶದ ಕಪ್ಪು ಜನರ ಸ್ವಭಾವದ ಬಗ್ಗೆ ಅವರು ಬರೆದ ಕೆಲವು ಮಾತುಗಳು ನ್ಯಾಯವಾದವಲ್ಲ. ಹ. ಬಿಲಾಲರ(ರ) ಅಝಾನನ್ನು ಗೌರವಿಸುವ ನಾವು ಅವನ್ನು ಒಪ್ಪಲಾಗದು. ದೊಡ್ಡವರು ಹೇಳಿದ್ದಾರೆ ಎಂದ ಮಾತ್ರಕ್ಕೆ ಒಪ್ಪಬೇಡಿ ಎಂದು ಕಲಿಸಿದವರನ್ನೂ ಆ ಪಾಠದಿಂದಲೇ ಓದಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ಹೆಸರಿಲ್ಲದ, ಊರಿಲ್ಲದ, ದಿನಾಂಕವಿಲ್ಲದ ಸಂದೇಶ ಸನದಿಲ್ಲದ ಮಾತು. ಅದು ನಮ್ಮಲ್ಲೇ ನಿಲ್ಲಲಿ. ಸನದಿದ್ದರೂ ಸಂಗತಿ ನಡೆಯುವಂಥದ್ದೇ ಎಂದು ಮನೆಯಲ್ಲಿ ಮಕ್ಕಳ ಜೊತೆ ಕುಳಿತು ಮಾತಾಡೋಣ. ಅವರಿಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಬೇರೆ ಸಿಗದು. ಭಯ ಹುಟ್ಟಿಸುವ ಸುದ್ದಿಯಾದರೆ ಅದನ್ನು ಹರಡದೆ ಬಲ್ಲವರಿಗೆ, ಹೊಣೆ ಹೊತ್ತವರಿಗೆ ತಲುಪಿಸಬೇಕೆಂದು ಅನ್ನಿಸಾ ಅಧ್ಯಾಯದ 83ನೆಯ ಸೂಕ್ತ ಕಲಿಸುತ್ತದೆ. ಕಾಯಿಲೆಯ ವಿಷಯವಾದರೆ ವೈದ್ಯರಿಗೆ, ಗಲಭೆಯ ವಿಷಯವಾದರೆ ಪೊಲೀಸರಿಗೆ ಮತ್ತು ಜಮಾಅತಿನ ಹಿರಿಯರಿಗೆ ತಿಳಿಸೋಣ. ಇನ್ನೊಂದು ಸಮುದಾಯದವರ ಬಗ್ಗೆ ಬಂದ ಕೆಟ್ಟ ಸುದ್ದಿಯನ್ನು, ನಮ್ಮ ಬಗ್ಗೆ ಬಂದಿದ್ದರೆ ಎಷ್ಟು ಪರೀಕ್ಷಿಸುತ್ತಿದ್ದೆವೋ ಅಷ್ಟೇ ಪರೀಕ್ಷಿಸೋಣ. ಅಲೀ ಇಬ್ನುಲ್ ಮದೀನಿಯವರು(ರ) ತಂದೆಗೂ ಪರರಿಗೂ ಒಂದೇ ತಕ್ಕಡಿ ಹಿಡಿದದ್ದು ಇದನ್ನೇ ಕಲಿಸಲು.

ಅರಿವಿಲ್ಲದ್ದರ ಬೆನ್ನು ಹತ್ತಬಾರದು, ಕಿವಿ, ಕಣ್ಣು, ಹೃದಯ ಎಲ್ಲವನ್ನೂ ವಿಚಾರಿಸಲಾಗುವುದು ಎಂದು ಬನೀ ಇಸ್ರಾಈಲ್ ಅಧ್ಯಾಯ ಹೇಳಿದೆ. ನಾವು ಮುಂದೆ ಕಳಿಸಿದ ಒಂದೊಂದು ಸಂದೇಶವೂ ಆ ವಿಚಾರಣೆಯಲ್ಲಿ ಸೇರಿದೆ. ಕೇಳಿದ್ದನ್ನು ತೂಗಿ ನೋಡುವ ವಿವೇಕವನ್ನೂ, ತಿಳಿಯದ್ದನ್ನು ತಡೆದು ನಿಲ್ಲಿಸುವ ಸಂಯಮವನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.